ನಾನು ಅಳಿಸಿದ ಆಸನ

ಅತ್ತಿಗೆ, ಆ ಮಾಲ್‌ನಲ್ಲಿ ಕೂರಬಾರದು ಅನ್ನುವ ನಿಯಮ ಇರಲಿಲ್ಲ. ಯಾವತ್ತೂ ಇರಲಿಲ್ಲ. ಅದನ್ನು ಹುಟ್ಟಿಸಿದವಳು ನಾನು.

ನಾಲ್ಕು ವರ್ಷದಿಂದ ಈ ಮಾತು ಮುಚ್ಚಿಟ್ಟಿದ್ದೇನೆ. ನಿಮ್ಮ ಮನೆಗೆ ಬಂದಾಗಲೆಲ್ಲ ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ — ಚಪ್ಪಲಿ ಬಿಡುವಾಗ ಧೈರ್ಯ ಇರುತ್ತದೆ, ನೀವು ಮಂಚದ ಮೇಲಿಂದಲೇ "ಬಾಮ್ಮ, ಊಟ ಆಯ್ತಾ" ಅನ್ನುವಷ್ಟರಲ್ಲಿ ಅದು ಎಲ್ಲೋ ಹೋಗಿರುತ್ತದೆ. ಎದುರಿಗೆ ಹೇಳುವ ಯೋಗ್ಯತೆ ಇಲ್ಲದ್ದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ. ನಡುವೆ ಅಣ್ಣನ ಕೈಗೆ ಕೊಡಬೇಡಿ.

ಚಿಕ್ಕಬಳ್ಳಾಪುರದ ಹೆದ್ದಾರಿ ಪಕ್ಕ ಆ ಮಾಲ್ ಎದ್ದ ವರ್ಷ ನಾನು ನಿಮ್ಮ ಮನೆಯಲ್ಲೇ ಇದ್ದೆ, ನಿಮ್ಮ ಅನ್ನ ತಿಂದುಕೊಂಡು. ಆರ್ಕಿಟೆಕ್ಚರ್ ಓದಿ ಮುಗಿಸಿ, ಯಾರದೋ ಆಫೀಸಿನಲ್ಲಿ ಬಚ್ಚಲುಮನೆಯ ಟೈಲ್ಸ್ ಎಣಿಸುವ ಕೆಲಸ ಬಿಟ್ಟು ಬಂದು, ಮೊದಲ ಸಲ ನನ್ನದೇ ಅನ್ನುವ ಒಂದು ಕೆಲಸ ಹಿಡಿದಿದ್ದೆ. ಬೆಂಗಳೂರಿನ ಒಂದು ರೇಷ್ಮೆ ಬ್ರ್ಯಾಂಡಿನವರಿಗೆ ಮಾಲ್‌ನ ನಡುಹಾದಿಯಲ್ಲಿ ಒಂದು ಕಿಯಾಸ್ಕ್ ಬೇಕಿತ್ತು. ನಾಲ್ಕೂ ಕಡೆ ತೆರೆದಿರುತ್ತೆ, ಸುತ್ತ ಕೌಂಟರ್, ಮಾರುವವರು ನಡುವೆ ಇರುತ್ತಾರೆ ಅಂತ ನಾನು ಕೈ ಆಡಿಸಿ ಆಡಿಸಿ ವಿವರಿಸಿದರೆ ನೀವು ಅವರೆಕಾಯಿ ಸುಲಿಯುತ್ತಾ ಕೇಳಿದಿರಿ, "ಅಂದ್ರೆ ಪೆಟ್ಟಿಗೆ ಅಂಗಡಿ ತಾನೆ? ಇದಕ್ಕೆ ಐದು ವರ್ಷ ಓದಿದ್ಯಾ?" ಅಣ್ಣ ಒಂದು ವಾರ ನನ್ನನ್ನು ಪೆಟ್ಟಿಗೆ ಅಂಗಡಿ ಇಂಜಿನಿಯರ್ ಅಂತಲೇ ಕರೆದ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ, ಜಾಲರಿ ತಟ್ಟೆಯಲ್ಲಿ ರಾಶಿ ಬಿದ್ದಿದ್ದ ರೇಷ್ಮೆಗೂಡುಗಳ ಫೋಟೋ ತೆಗೆದುಕೊಂಡು ಬಂದೆ. ಕಿಯಾಸ್ಕ್ ಅದೇ ಆಕಾರದಲ್ಲಿ ಇರಬೇಕು — ಎರಡು ತುದಿ ಉರುಟು, ಎಲ್ಲೂ ಮೂಲೆ ಇಲ್ಲ, ಒಳಗೂ ಹೊರಗೂ ಒಂದೇ ಬಾಗು. ಮೇಲಿನ ಮಹಡಿಯ ಎಸ್ಕಲೇಟರ್‌ನಿಂದ ನೋಡಿದರೆ ಯಾರೋ ಒಂದು ಗೂಡನ್ನು ನೆಲದ ಮೇಲೆ ಇಟ್ಟು ಹೋದ ಹಾಗೆ ಕಾಣಬೇಕು. ನನ್ನ ತಲೆಯಲ್ಲಿ ಆಗ ಇದ್ದದ್ದು ಅದೊಂದೇ. ಅಲ್ಲ — ಅದೊಂದೇ ಅಲ್ಲ. ನೀವೂ ಇದ್ದಿರಿ, ಅದಕ್ಕೇ ಈ ತಪ್ಪಿಗೆ ಮರೆವಿನ ನೆಪವೂ ಇಲ್ಲ.

ಅಲ್ಲಿ ಮಾರಾಟಕ್ಕೆ ಒಬ್ಬರು ಬೇಕು ಅಂದಾಗ ನಿಮ್ಮ ಹೆಸರು ಹೇಳಿದ್ದು ನಾನೇ. ನೀವು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಿರಿ. ಸೂಪರ್‌ವೈಸರ್ ಬೈಗುಳ, ಮೂಗಿನ ತುಂಬ ದಾರದ ದೂಳು. ಆದರೆ ಅಲ್ಲಿ ಕೂತು ಮಾಡುವ ಕೆಲಸ. ಕಾವ್ಯ ಹುಟ್ಟಿದಾಗಿನಿಂದ ನಿಮ್ಮ ಕಾಲಿನ ನರಗಳು ಉಬ್ಬಿದ್ದವು, ಜಾಸ್ತಿ ಹೊತ್ತು ನಿಲ್ಲಬೇಡಿ ಅಂತ ಡಾಕ್ಟರು ಆಗಲೇ ಹೇಳಿದ್ದರು. ನೀವು ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಒಂದೇ ಒಂದು ಷರತ್ತು ಹಾಕಿದಿರಿ.

"ನನ್ನ ಕಾಲು ನೋಡಿದ್ಯಲ್ಲ ಕಣೇ. ಕೂತ್ಕೊಳ್ಳೋಕೆ ಒಂಚೂರು ಜಾಗ ಇದ್ರೆ ಬರ್ತೀನಿ. ಇಲ್ದಿದ್ರೆ ನಂಗೆ ಆ ಮಿಷನ್ನೇ ವಾಸಿ."

"ಜಾಗ ಇಡೋಳು ನಾನೇ ಅಲ್ವಾ ಅತ್ತಿಗೆ?"

ನಾನು ಹೇಳಿದ್ದು ಅಷ್ಟೇ. ಆ ಮಾತು ನಂಬಿ ನೀವು ಗಾರ್ಮೆಂಟ್ಸ್ ಬಿಟ್ಟಿರಿ.

ಆಮೇಲೆ ಅಡುಗೆಮನೆಯಲ್ಲಿ ನಿಮ್ಮನ್ನು ನಿಲ್ಲಿಸಿ ಟೇಪ್ ಹಿಡಿದೆ, ನೆನಪಿದೆಯಾ? ನೆಲದಿಂದ ಮೊಣಕೈಯವರೆಗೆ ಅಳೆದೆ. ಅದು ಕೌಂಟರ್‌ನ ಎತ್ತರ ಆಯಿತು. ಆಮೇಲೆ ಸ್ಟೂಲಿನ ಮೇಲೆ ಕೂರಿಸಿ ಮೊಣಕಾಲಿನ ಹಿಂಭಾಗಕ್ಕೆ ಟೇಪ್ ಇಟ್ಟೆ. ಹದಿನೇಳು ಇಂಚು. ನಿಮಗೆ ಕಚಗುಳಿಯಾಗಿ ನಕ್ಕಿರಿ. ಆ ಅಳತೆಗೇ ಕೌಂಟರ್‌ನ ಒಳಮೈಗೆ ಒಂದು ಮಡಚುವ ಹಲಗೆ ಬರೆದೆ. ಬೇಕಾದಾಗ ಇಳಿಸಿಕೊಂಡು ಕೂರಬಹುದು, ಬೇಡವಾದರೆ ಎತ್ತಿ ಸಿಕ್ಕಿಸಬಹುದು.

ಮಾಲ್‌ನವರು ಕೊಟ್ಟ ನಿಯಮಗಳ ಪುಸ್ತಕ ನನ್ನ ಹತ್ತಿರ ಇತ್ತು. ಹಿಂದಿನ ಅಂಗಡಿಗಳು ಕಾಣಬೇಕು, ಅದಕ್ಕೆ ಕಿಯಾಸ್ಕ್ ನಾಲ್ಕೂವರೆ ಅಡಿ ಮೀರಬಾರದು. ಹೊರಗಿನಿಂದ ಕುರ್ಚಿ, ಸ್ಟೂಲು ತಂದು ಇಡಬಾರದು. ಅದರ ಕೆಳಗಿನ ಸಾಲೇ, ಸಿಬ್ಬಂದಿಗೆ ಒಳಗಡೆ ಕಟ್ಟಿದ ಆಸನ ಇಡಬಹುದು. ನಾನು ಓದಿದ್ದೆ. ಪೆನ್ಸಿಲಿನಲ್ಲಿ ಗೆರೆ ಕೂಡ ಎಳೆದಿದ್ದೆ.

ಬ್ರ್ಯಾಂಡಿನ ಮ್ಯಾನೇಜರ್ — ಐವತ್ತರ ಹೆಂಗಸು, ಮಾತು ಕಡಿಮೆ — ಡ್ರಾಯಿಂಗ್ ನೋಡಿ ಆ ಹಲಗೆಯ ಮೇಲೆ ಬೆರಳಿಟ್ಟು, "ಇದು ಒಳ್ಳೇದು, ಪಾಪ ಎಷ್ಟು ಹೊತ್ತು ನಿಲ್ತಾರೆ" ಅಂದರು. ಆಮೇಲೆ, ಶಾಲಿನ ಪೆಟ್ಟಿಗೆ ಇನ್ನೊಂದಿಷ್ಟು ಇಡೋಕೆ ಆಗುತ್ತಾ ಅಂತ ಕೇಳಿದರು. ಅಷ್ಟೇ ಕೇಳಿದ್ದು. ಆಸನ ತೆಗೆಯಿರಿ ಅಂತ ಯಾರೂ ಹೇಳಲಿಲ್ಲ ಅತ್ತಿಗೆ. ಪೆಟ್ಟಿಗೆಗಳಿಗೆ ಬೇರೆ ಕಡೆ ಜಾಗ ಮಾಡಬಹುದಿತ್ತು, ಅರ್ಧ ದಿನದ ಕೆಲಸ.

ಒಂದು ಭಾನುವಾರ ಬೆಳಿಗ್ಗೆ, ನೀವು ತವರಿಗೆ ಅಂತ ಮುರುಗಮಲ್ಲಕ್ಕೆ ಹೋಗಿದ್ದಾಗ, ನಿಮ್ಮ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಹಲಗೆಯನ್ನು ನೋಡುತ್ತಾ ಕೂತಿದ್ದೆ. ಕೂತಿದ್ದೆ — ಕುಶನ್ ಹಾಕಿಕೊಂಡು. ಇಡೀ ಗೂಡು ನುಣ್ಣಗೆ ಸುತ್ತಿ ಬಂದು ಅಲ್ಲಿ ಮಾತ್ರ ಮುರಿಯುತ್ತಿತ್ತು. ಅಲ್ಲಿ ಯಾರಾದರೂ ಕೂತರೆ ಮೇಲಿನಿಂದ ನೋಡುವವರಿಗೆ ಒಂದು ತಲೆ, ಮಡಿಸಿದ ಎರಡು ಮೊಣಕಾಲು. ನನ್ನ ಚಿತ್ರದಲ್ಲಿ ಅಂಗಡಿಯವಳ ಜಾಗಕ್ಕೆ ಕಂಪ್ಯೂಟರಿನ ಒಂದು ರೆಡಿಮೇಡ್ ಹುಡುಗಿ ಹಾಕಿದ್ದೆ, ತೆಳ್ಳಗೆ, ನೆಟ್ಟಗೆ ನಿಂತಿದ್ದಳು. ಅವಳ ಕಾಲು ನೋಯುತ್ತಿರಲಿಲ್ಲ. ಹಲಗೆಯನ್ನು ಆರಿಸಿ ಒಂದು ಕೀ ಒತ್ತಿದೆ. ಆ ಜಾಗಕ್ಕೆ ಡ್ರಾಯರ್ ಬಂತು.

ಮ್ಯಾನೇಜರ್ ಕೇಳಿದಾಗ ಕಣ್ಣು ಮಿಟುಕಿಸದೆ ಹೇಳಿದೆ, "ಮಾಲ್‌ನವರು ಒಪ್ಪಲ್ಲ ಮೇಡಂ, ಸೀಟ್ ಇಡೋ ಹಾಗಿಲ್ಲ."

ನಿಮಗೆ ಮಾತ್ರ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ನೀವು ಆ ಬ್ರ್ಯಾಂಡಿನ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಬಂದು ಒಂದು ಸುತ್ತು ನೋಡಿದಿರಿ. "ಎಲ್ಲೇ ಕೂರೋದು?" ಅಂದಿರಿ. ಮಾಲ್‌ನೋರ ರೂಲ್ಸ್ ಅತ್ತಿಗೆ, ಕೊನೇ ಗಳಿಗೇಲಿ ಬೇಡ ಅಂದ್ರು ಅಂದೆ. ನೀವು ಡಬ್ಬಿಯನ್ನು ಕೆಳಗಿಟ್ಟು, ತವರಿನ ತೆಲುಗು ಬೆರೆಸಿ, "ಪರವಾಲೇದು ಬಿಡು, ನೀನೇನ್ ಮಾಡ್ತೀಯ" ಅಂದಿರಿ. ನನಗೇ ಸಮಾಧಾನ ಹೇಳಿದಿರಿ.

ಬೆಳಿಗ್ಗೆ ಹತ್ತೂವರೆಯಿಂದ ರಾತ್ರಿ ಒಂಬತ್ತರವರೆಗೆ. ಒರಗೋಣ ಅಂದರೆ ಗೋಡೆ ಇಲ್ಲ, ಕೌಂಟರ್ ಮೇಲೆ ಕೈ ಊರೋಣ ಅಂದರೆ ಗಾಜು. ಅದನ್ನೂ ನಾನೇ ಬರೆದದ್ದು.

ಎರಡನೇ ತಿಂಗಳಲ್ಲಿ ನೀವು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಎದುರಿನ ಮೊಬೈಲ್ ಕವರ್ ಅಂಗಡಿಯ ಹುಡುಗಿ ಕೂತೇ ಇರುತ್ತಾಳಲ್ಲ, ಅವಳಿಗೆ ಹೇಗೆ ಬಿಟ್ಟರು ಅಂತ ಕೇಳಿದಿರಿ. ಜಗಳಕ್ಕಲ್ಲ, ಸುಮ್ಮನೆ ಕೇಳಿದಿರಿ. ಅವರದ್ದು ಮೊದಲೇ ತಗೊಂಡ ಪರ್ಮಿಷನ್ ಅಂದೆ. ಎರಡನೇ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಅದು ನಿಜ ಅನ್ನಿಸಿತು.

ಇನ್ನೊಂದಿದೆ. ಇದನ್ನು ಬರೆಯದೆ ಬಿಟ್ಟರೆ ನಿಮಗೆ ಗೊತ್ತಾಗುವುದೇ ಇಲ್ಲ, ಅದಕ್ಕೇ ಬರೆಯುತ್ತೇನೆ. ಐದಾರು ತಿಂಗಳಾದ ಮೇಲೆ ಡ್ರಾಯರ್ ಸರಿಮಾಡಲು ಶಿಡ್ಲಘಟ್ಟದ ಆಚಾರಿ ಬಂದಿದ್ದರು, ನೀವು ಊಟಕ್ಕೆ ಹೋಗಿದ್ದಿರಿ. ಅವರು ಟೇಪ್ ಮಡಚುತ್ತಾ ಹೇಳಿದರು, "ಒಂದು ಹಲಗೆ ಹೊಡೆದುಬಿಡ್ಲೇನಮ್ಮ ಒಳಗೆ? ಎರಡು ಕೀಲು ಅಷ್ಟೇ. ಆಯಮ್ಮ ಕಾಲು ಬದಲಾಯಿಸಿ ಬದಲಾಯಿಸಿ ನಿಲ್ತಾರೆ, ನೋಡೋಕಾಗಲ್ಲ." ಹಲಗೆ ಅವರ ಚೀಲದಲ್ಲೇ ಇತ್ತು. ನಾನು ಬೇಡ ಅಂದೆ. ಮುಂದಿನ ವಾರ ಒಂದು ಪತ್ರಿಕೆಯವರು ಫೋಟೋ ತೆಗೆಯಲು ಬರುವವರಿದ್ದರು — ಅದು ಒಂದು ಕಾರಣ. ಇನ್ನೊಂದು, ಹಲಗೆ ಬಂದರೆ ರೂಲ್ಸ್ ಎಲ್ಲಿ ಹೋಯಿತು ಅಂತ ನೀವು ಕೇಳುತ್ತೀರಿ. ನನ್ನ ಸುಳ್ಳು ಉಳಿಯಬೇಕಾದರೆ ನೀವು ನಿಂತೇ ಇರಬೇಕಿತ್ತು.

ಹದಿನಾಲ್ಕು ತಿಂಗಳು ನಿಂತಿರಿ. ಕಣಕಾಲಿನ ಚರ್ಮ ಕಪ್ಪಾಯಿತು, ತುರಿಕೆ ಶುರುವಾಯಿತು, ಗಿರಾಕಿಗಳಿಗೆ ಕಾಣದಿರಲಿ ಅಂತ ಸೀರೆಯ ಕೆಳಗೆ ಕಾಲುಚೀಲ ಹಾಕಿದಿರಿ. ಆಮೇಲೆ ಹುಣ್ಣು. ವಾಸಿಯಾಗುತ್ತೆ, ಮತ್ತೆ ಒಡೆಯುತ್ತೆ. ಡಾಕ್ಟರು "ಏನ್ ಕೆಲಸ ಮಾಡ್ತೀರಮ್ಮ, ಕೂರೋಕೆ ಬಿಡಲ್ವಾ ಅವರು?" ಅಂತ ಕೇಳಿದಾಗ ನೀವು "ಇಲ್ಲ ಸಾರ್, ರೂಲ್ಸ್" ಅಂದಿರಿ. ಪಕ್ಕದಲ್ಲಿ ನಿಮ್ಮ ಕೈಚೀಲ ಹಿಡಿದುಕೊಂಡು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಆಪರೇಷನ್ ಆಯಿತು. ಗಾರ್ಮೆಂಟ್ಸ್‌ನವರು ಮತ್ತೆ ಸೇರಿಸಿಕೊಳ್ಳಲಿಲ್ಲ, ಈಗ ಕಾಲು ಕೆಳಗೆ ಬಿಟ್ಟು ಕೂರುವುದೂ ನಿಮಗೆ ಕಷ್ಟ. ದಿಂಬಿನ ಮೇಲೆ ಕಾಲಿಟ್ಟುಕೊಂಡು ಮೂರು ವರ್ಷ ಆಗುತ್ತಾ ಬಂತು. ಬಂದ ನೆಂಟರಿಗೆಲ್ಲ ಮೊಬೈಲಿನಲ್ಲಿ ಆ ಪತ್ರಿಕೆಯ ಫೋಟೋ ತೋರಿಸಿ "ನಮ್ಮ ನಾದಿನಿ ಕಟ್ಟಿದ್ದು, ಎಷ್ಟು ಚೆಂದ ಇದೆ ನೋಡಿ" ಅನ್ನುತ್ತೀರಿ. ಅದು ಚೆಂದವೇ ಇದೆ ಅತ್ತಿಗೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಒಳ್ಳೆಯವಳಾಗಿದ್ದೇನೆ ಅಂತ ಅಲ್ಲ. ಆ ಗೂಡನ್ನು ಬ್ರ್ಯಾಂಡಿನವರು ಇನ್ನೂ ಐದು ಮಾಲ್‌ಗಳಲ್ಲಿ ಹಾಗೆಯೇ ಕಟ್ಟಿಸಿದ್ದಾರೆ. ಕಟ್ಟುವ ಮೊದಲು ಒಂದು ಸಲ, ಬೆಕ್ಕಿನ ಹಾಗೆ ಮೆಲ್ಲಗೆ, ಸೀಟ್ ಸೇರಿಸೋಣವಾ ಅಂತ ಕೇಳಿದ್ದೆ. "ಮಾಲ್‌ನವರು ಒಪ್ಪಲ್ಲ ಅಂತ ನೀವೇ ಹೇಳಿದ್ರಲ್ಲ?" ಅಂದರು ಮ್ಯಾನೇಜರ್. ಹೌದು ಮೇಡಂ ಅಂದೆ. ಅಲ್ಲಿ ನಿಂತಿರುವ ಐವರು ಯಾರು, ಎಲ್ಲಿಯವರು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ನನಗೆ ಅನುಕೂಲವಾಗಿತ್ತು.

ಮೊನ್ನೆ ಗುರುವಾರ ನೀವು ಫೋನ್ ಮಾಡಿದಿರಿ. ದನಿಯಲ್ಲಿ ಎಷ್ಟು ಸಂತೋಷ. "ಕಾವ್ಯಂಗೆ ಕೆಲಸ ಸಿಕ್ತು ಕಣೇ, ಯಲಹಂಕದ ಹತ್ರ ಮಾಲ್‌ನಲ್ಲಿ. ನಿನ್ನ ಗೂಡಲ್ಲೇ. ಸೋಮವಾರದಿಂದ ಹೋಗ್ತಾಳೆ." ಆಮೇಲೆ ನೀವೇ ಅಂದಿರಿ, "ಕೂರೋ ಹಾಗಿಲ್ಲ ಅನ್ನೋದೊಂದೇ. ಚಿಕ್ಕ ವಯಸ್ಸು, ತಡ್ಕೋತಾಳೆ ಬಿಡು."

ತಾಯಿಗಿದ್ದರೆ ಮಗಳಿಗೂ ಈ ತೊಂದರೆ ಬರಬಹುದು ಅಂತ ಆ ಡಾಕ್ಟರು ಹೇಳಿದ್ದು ನಾವಿಬ್ಬರೂ ಕೇಳಿಸಿಕೊಂಡಿದ್ದೆವು. ಆದರೂ ಫೋನಿನಲ್ಲಿ ನನ್ನ ಬಾಯಿಂದ ಬಂದದ್ದು "ಒಳ್ಳೇದಾಯ್ತು ಅತ್ತಿಗೆ" ಅಂತ.

ನಿನ್ನೆ ಮ್ಯಾನೇಜರ್‌ಗೆ ಎಲ್ಲ ಬರೆದು, ನಿಯಮದ ಆ ಪುಟವನ್ನೂ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಇನ್ನು ಮುಂದೆ ಅವರು ನನಗೆ ಕೆಲಸ ಕೊಡುವುದಿಲ್ಲ, ಕೊಡಬಾರದು ಕೂಡ. ಆರು ಹಲಗೆ ನನ್ನ ಖರ್ಚಿನಲ್ಲೇ ಹಾಕಿಸುತ್ತೇನೆ ಅಂತ ಬರೆದಿದ್ದೇನೆ, ಅವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಹಲಗೆ ಬೀಳುವವರೆಗೆ ಕಾವ್ಯಳನ್ನು ಕಳಿಸಬೇಡಿ. ಹೋಗಲೇಬೇಕು ಅಂದರೆ, ಕೂರಲು ಜಾಗ ಕೇಳುವುದು ಅವಳ ಹಕ್ಕು, ತಡೆದದ್ದು ಮಾಲ್ ಅಲ್ಲ ಅಂತ ತಿಳಿದುಕೊಂಡು ಹೋಗಲಿ.

ಕ್ಷಮಿಸಿ ಅಂತ ಕೇಳುತ್ತಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಆಮೇಲೆ ನಾನು ನಿರಾಳವಾಗಿ ಮಲಗುತ್ತೇನೆ. ಅದು ಬೇಡ.

ಓದಿ ಆದ ಮೇಲೆ ಇದನ್ನು ಅವಳಿಗೂ ಕೊಡಿ. ಅವಳ ಅಮ್ಮನ ಕಾಲು ಹೀಗಾದದ್ದು ಯಾರಿಂದ ಅಂತ ಅವಳಿಗೆ ಗೊತ್ತಾಗಲಿ. ಇನ್ನು ಮುಂದೆ ನನ್ನನ್ನು ಅತ್ತೆ ಅಂತ ಕರೆಯಬೇಕೋ ಬೇಡವೋ, ಅವಳೇ ತೀರ್ಮಾನ ಮಾಡಲಿ.