ಬೆನ್ನಿಗೆ ಬೆನ್ನು

ನಮ್ಮವರ ಹೆಸರು ಪ್ರೇಮ್‌ಕುಮಾರ್. ಹೂಟಗಳ್ಳಿಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ, ಬಾಯಿಗೆ ಬೆರಳಿಟ್ಟರೂ ಕಚ್ಚದ ಮನುಷ್ಯ ಎನ್ನುತ್ತಾರೆ. ಸೊಪ್ಪಿನವಳ ಹತ್ತಿರ ಚೌಕಾಶಿ ಮಾಡಬೇಕಾದರೂ ನನ್ನನ್ನೇ ಮುಂದೆ ಬಿಡುವವರು. ಅಂಥವರು ಎರಡು ಕೈಯಲ್ಲಿ ಎರಡು ಬಂದೂಕು ಹಿಡಿದು ಕುಣಿಯುತ್ತಾರೆಂದರೆ ಯಾರು ನಂಬುತ್ತಾರೆ? ನಾನು ನಂಬುತ್ತೇನೆ. ನನ್ನ ಮುದ್ದೆ ಕೋಲು ಸವೆದದ್ದೇ ಆ ಕುಣಿತದಲ್ಲಿ.

ಶುರುವಾದದ್ದು ಹೋದ ವರ್ಷ. ಕಾರ್ಖಾನೆಯವರು ಕೆಲಸಗಾರರನ್ನೆಲ್ಲ ರಿಂಗ್ ರೋಡಿನಾಚೆಯ ಒಂದು ಮೈದಾನಕ್ಕೆ ಪೇಂಟ್‌ಬಾಲ್ ಆಡಿಸಲು ಕರೆದುಕೊಂಡು ಹೋಗಿದ್ದರು. ಬಂದೂಕಿನಿಂದ ಬಣ್ಣ ತುಂಬಿದ ಗೋಲಿ ಹಾರುತ್ತದೆ, ಮೈಗೆ ಬಡಿದು ಒಡೆದರೆ ಕೈಯೆತ್ತಿ ಆಚೆ ಹೋಗಬೇಕು, ಅಷ್ಟೇ ಆಟ. ನಮ್ಮವರು ಡ್ರಮ್ಮಿನ ಹಿಂದೆ ಬಗ್ಗಿ ಕೂತಿದ್ದರಂತೆ. ಆಟ ಶುರುವಾಗುತ್ತಲೇ ಯಾರೋ ಹಿಂದಿನಿಂದ ಬಂದು, ಹೇಳಬಾರದ ಜಾಗಕ್ಕೆ ಹೊಡೆದು ಔಟ್ ಮಾಡಿದರು. ಹಿಂದೆ ಹಳದಿ ಬಣ್ಣ ಮೆತ್ತಿದ ಆ ಪ್ಯಾಂಟನ್ನು ನೆನೆದು ಕ್ಯಾಂಟೀನಿನಲ್ಲಿ ತಿಂಗಳುಗಟ್ಟಲೆ ನಕ್ಕರು.

ಆಮೇಲೆ ಒಂದು ಭಾನುವಾರ ಟೀವಿಯಲ್ಲಿ ಯಾವುದೋ ಡಬ್ಬಿಂಗ್ ಚಿತ್ರ ಬಂತು. ಅದರ ಹೀರೋ ಎರಡು ಪಿಸ್ತೂಲನ್ನು ಕರಾಟೆಯ ಹಾಗೆ ಆಡಿಸುತ್ತಾನೆ. ಒಂದು ಕೈಯಲ್ಲಿ ಏಟು ತಡೆಯುತ್ತಾನೆ, ಇನ್ನೊಂದರಲ್ಲಿ ತಿರುಗಿಯೂ ನೋಡದೆ ಸುಡುತ್ತಾನೆ. ನಡುಮಧ್ಯೆ ನಿಂತರೂ ಒಂದು ಗುಂಡು ತಾಗುವುದಿಲ್ಲ. ಹುಡುಗರಾಗಿದ್ದಾಗ ಕರಾಟೆ ಕಲಿತು ಹಳದಿ ಬೆಲ್ಟಿಗೇ ನಿಂತುಹೋದ ನಮ್ಮವರು ಎದ್ದು ನಿಂತರು.

"ನೋಡು ನಯನಾ, ಬಚ್ಚಿಟ್ಕೊಂಡೋನ್ನ ಗುಂಡು ಹುಡುಕ್ಕೊಂಡು ಬರುತ್ತೆ. ನಡುವೆ ನಿಂತು ತಿರುಗ್ತಾ ಇದ್ರೆ ಗುಂಡಿಗೇ ಗೊಂದಲ ಆಗ್ಬುಡುತ್ತೆ ಕಣೆ."

ಮಾರನೆಯ ದಿನದಿಂದ ನಮ್ಮ ಹಾಲಿನಲ್ಲಿ ತಾಲೀಮು. ಬಲಗೈಯಲ್ಲಿ ಮುದ್ದೆ ಕೋಲು, ಎಡಗೈಯಲ್ಲಿ ಲಟ್ಟಣಿಗೆ. ಒಂದು ಸುತ್ತು, ಒಂದು ಹೆಜ್ಜೆ, ಕೈ ಅಡ್ಡ, ಬಾಯಲ್ಲೇ ಢಂ ಢಂ. ಪ್ರತಿ ಸುತ್ತು ಮುಗಿದ ಮೇಲೂ ಕೈಚಾಚಿ ಒಂದು ಗಳಿಗೆ ಅಲ್ಲಾಡದೆ ನಿಂತು, ಗೋಡೆಯ ಮೇಲಿನ ಬುದ್ಧನ ಪಟದ ಗಾಜಿನಲ್ಲಿ ತಮ್ಮ ಭಂಗಿ ನೋಡಿಕೊಳ್ಳುವರು. ಬುದ್ಧ ಕಣ್ಣು ಮುಚ್ಚಿಕೊಂಡೇ ಇದ್ದ. ನಾನು ಅಡುಗೆಮನೆಯಿಂದ ಎಲ್ಲ ನೋಡುತ್ತಿದ್ದೆ.

ಒಂದು ಸಂಜೆ ನನ್ನನ್ನು ಕರೆದರು. "ಒಬ್ಬನಿಗೆ ಹಿಂದೆ ಕಣ್ಣಿಲ್ವಲ್ಲ. ನೀನು ನನ್ನ ಬೆನ್ನಿಗೆ ಬೆನ್ನು ಕೊಟ್ಟು ನಿಂತ್ಕೊ. ನಾನು ತಿರುಗಿದಂಗೆ ನೀನೂ ತಿರುಗು."

"ಎಸರು ಕುದೀತಿದೆ ಕಣ್ರೀ, ಕೋಲು ಕೊಡಿ ಇತ್ತ" ಎಂದು ಕೋಲು ಕಿತ್ತುಕೊಂಡು ಹೋದೆ. ಮುದ್ದೆ ತೊಳಸಬೇಕೋ ಬೇಡವೋ? ತಿನ್ನುವವರು ಅವರೇ ತಾನೆ?

ಅಷ್ಟಕ್ಕೇ ಇನ್ನೊಬ್ಬಳನ್ನು ಹುಡುಕಿಕೊಳ್ಳುವುದೇ! ಭಾನುಪ್ರಿಯಾ ಅಂತ, ಅದೇ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವವಳು. ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನ ಹಿಂದೆ ಇಬ್ಬರೂ ಪೈಪಿನ ತುಂಡು ಹಿಡಿದು ಬೆನ್ನಿಗೆ ಬೆನ್ನು ತಾಗಿಸಿ ಸುತ್ತುತ್ತಿದ್ದರು. ಇದನ್ನು ನನಗೆ ಹೇಳಿದವರು ಅವರೇ, ಮಗು ಸ್ಕೂಲಿನ ಸುದ್ದಿ ಹೇಳಿದಷ್ಟು ಖುಷಿಯಿಂದ. "ಭಾನು ಸರಿಯಾಗಿ ತಿರುಗ್ತಾಳೆ ಕಣೆ. ಹೇಳೋದೇ ಬೇಡ, ಬೆನ್ನಲ್ಲೇ ಗೊತ್ತಾಗ್ಬುಡುತ್ತೆ ಅವಳಿಗೆ."

ಬೆನ್ನಲ್ಲೇ ಗೊತ್ತಾಗುತ್ತದಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಉಪ್ಪು ಕಡಿಮೆಯಾಗಿದೆ ಅನ್ನುವುದನ್ನು ನನಗೆ ಬಾಯಲ್ಲೇ ಹೇಳಬೇಕು ಈ ಮನುಷ್ಯ.

ಅವರ ಬಟ್ಟೆ ಒಗೆಯುವವಳು ನಾನು. ಕಾರ್ಖಾನೆಯ ನೀಲಿ ಟೀ ಶರ್ಟಿನ ಹಿಂಭಾಗದಲ್ಲಿ, ಕುತ್ತಿಗೆಗೆ ಸ್ವಲ್ಪ ಕೆಳಗೆ, ಒಂದು ಎಣ್ಣೆ ಕಲೆ ಬರತೊಡಗಿತು. ತಲೆಗೆ ಹಚ್ಚುವ ಎಣ್ಣೆ. ಎತ್ತರದ ಹೆಂಗಸು ತಲೆ ಆನಿಸಿದರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ. ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಿದೆ. ಶನಿವಾರ ಮತ್ತೆ ಅಲ್ಲೇ ಕಲೆ. ಹೊಟ್ಟೆಕಿಚ್ಚು ಅಂತ ಅಕ್ಕಪಕ್ಕದವರು ಹೇಳಿಕೊಳ್ಳಲಿ, ಹೌದು, ಹೊಟ್ಟೆಕಿಚ್ಚೇ. ಒಗೆಯುವ ಕಲ್ಲಿನ ಮುಂದೆ ಕೂತು ಪರರ ತಲೆಯೆಣ್ಣೆ ಉಜ್ಜಿ ನೋಡಲಿ, ಆಮೇಲೆ ಮಾತಾಡಲಿ.

ಅತ್ತೆ ಪುಟ್ಟಮಾದಮ್ಮನ ಹತ್ತಿರ ಹೇಳಿಕೊಂಡೆ. ಅವರು ಎಲೆ ಅಡಿಕೆ ಅಗಿಯುತ್ತ ಮಗನ ಕಡೆಯೇ ನಿಂತರು. "ಮೊದ್ಲು ನಿನ್ನೇ ಅಲ್ವಾ ಕರ್ದದ್ದು? ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡು ಈಗ ಅತ್ರೆ ಎಂಗವ್ವಾ?"

ಒಂದು ಭಾನುವಾರ ಅವಳೇ ಮನೆಗೆ ಬಂದಳು. ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಬಾಳೆಹಣ್ಣು ತಂದಿದ್ದಳು, ಅತ್ತೆಯ ಕಾಲು ಮುಟ್ಟಿದಳು, ನನ್ನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಆಮೇಲೆ ತಾರಸಿಯ ಮೇಲೆ ಇಬ್ಬರೂ ತಾಲೀಮಿಗೆ ನಿಂತರು. ನಾನು ಹಪ್ಪಳ ಒಣಹಾಕುವ ನೆಪದಲ್ಲಿ ಹೋದೆ. ನಾಲ್ಕು ಕೈ ಇರುವ ಒಂದೇ ಪ್ರಾಣಿಯ ಹಾಗೆ ತಿರುಗುತ್ತಿದ್ದರು. ಅವರು ಬಗ್ಗಿದರೆ ಅವಳು ಎದ್ದಳು, ಅವರು ಎಡಕ್ಕೆ ವಾಲಿದರೆ ಅವಳು ಬಲಕ್ಕೆ ಕೈ ಚಾಚಿದಳು. ಒಂದು ಮಾತಿಲ್ಲ. ನನ್ನ ಗಂಡ ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಮದುವೆಮನೆಯಲ್ಲೂ ನೋಡಿರಲಿಲ್ಲ. ಅದಕ್ಕೇ ಮೈ ಇನ್ನೂ ಉರಿಯಿತು.

ಈ ವರ್ಷ ಕಾರ್ಖಾನೆಯವರು ಮನೆಯವರನ್ನೂ ಕರೆದರು. ಒಂದು ಕಡೆ ಕೆಲಸಗಾರರು, ಇನ್ನೊಂದು ಕಡೆ ಅವರ ಹೆಂಡತಿ, ಗಂಡ, ಅಣ್ಣತಮ್ಮಂದಿರು. ನಾನು ಮೊದಲೇ ಹೆಸರು ಕೊಟ್ಟೆ. ಗೆಲ್ಲುವುದು ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಒಂದೇ, ಆ ಬೆನ್ನಿಂದ ಆ ತಲೆ ಆಚೆ ಹೋಗಬೇಕು.

ಮೈದಾನದವರು ಮುಖಕ್ಕೊಂದು ಮುಸುಕು, ಎದೆಗೊಂದು ದಪ್ಪ ಪಟ್ಟಿ ಕೊಟ್ಟರು. ಸೀಟಿ ಊದಿದ್ದೇ ತಡ, ಎಲ್ಲರೂ ಡ್ರಮ್ಮು, ಟೈರುಗಳ ಹಿಂದೆ ಅಡಗಿದರು. ಅವರಿಬ್ಬರು ಮಾತ್ರ ಮೈದಾನದ ನಡುವೆ ಹೋಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರು, ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಸಣ್ಣ ಬಂದೂಕು. ಸುತ್ತಲು ಶುರು ಮಾಡಿದರು ನೋಡಿ, ನಮ್ಮ ಕಡೆಯವರು ಹೊಡೆಯುವುದನ್ನೇ ಮರೆತು ಬಾಯಿ ಬಿಟ್ಟರು. ಬಾಯಿ ಬಿಟ್ಟವರಿಗೆಲ್ಲ ಗೋಲಿ ಬಿತ್ತು. ಗುಟ್ಟು ಅಷ್ಟೇ. ಗುಂಡಿಗೆ ಗೊಂದಲವೂ ಇಲ್ಲ, ಮಣ್ಣೂ ಇಲ್ಲ, ನೋಡುವವರಿಗೆ ಮರುಳು. ಬೇಲಿಯಾಚೆ ನಿಂತವರು ಶಿಳ್ಳೆ ಹೊಡೆದರು.

ನನಗೇನು ಮರುಳು? ಮುದ್ದೆ ಕೋಲಿನ ಕಾಲದಿಂದ ನೋಡಿದವಳು ನಾನು. ಸುತ್ತು ಮುಗಿದಾಗ ಈ ಮನುಷ್ಯ ಪಟದ ಗಾಜು ನೋಡಲು ಒಂದು ಗಳಿಗೆ ನಿಲ್ಲುತ್ತಾರೆ, ಇಲ್ಲಿ ಗಾಜಿಲ್ಲದಿದ್ದರೂ ನಿಲ್ಲುತ್ತಾರೆ. ಅವರು ನಿಂತರೆ ಅವಳೂ ನಿಲ್ಲಬೇಕು. ಟೈರುಗಳ ಹಿಂದೆ ಕಾದು ಕೂತೆ. ನಮ್ಮ ಕಡೆ ಉಳಿದವಳು ನಾನೊಬ್ಬಳೇ.

ಸುತ್ತು ಮುಗಿಯಿತು. ನಿಂತರು. ನಾನು ಎದ್ದೆ. ಇಬ್ಬರ ಮಗ್ಗುಲೂ ನನ್ನ ಎದುರಿಗೇ ಇತ್ತು. ಗಂಡನಿಗೆ ಹೊಡೆಯಬಹುದಿತ್ತು. ಅವಳಿಗೆ ಗುರಿಯಿಟ್ಟೆ.

ಗೋಲಿ ಹಾರುವ ಮೊದಲೇ ನಮ್ಮವರಿಗೆ ಗೊತ್ತಾಗಿಬಿಟ್ಟಿತು. "ಭಾನೂ!" ಎಂದು ಕೂಗಿ, ಎರಡೂ ಕೈ ಚಾಚಿ, ಅಡ್ಡ ಹಾರಿದರು. ಗೋಲಿ ಪಟ್ಟಿ ಇಲ್ಲದ ಪಕ್ಕೆಗೆ ಬಡಿದು ಕೆಂಪಗೆ ಒಡೆಯಿತು. ದೊಪ್ಪನೆ ಬಿದ್ದರು. ಅವಳು ನನ್ನ ಎದೆಗೆ ಹೊಡೆದಳು, ಆಟ ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. "ಅಕ್ಕಾ, ಸೂಪರಾಗಿ ಹೊಡುದ್ರಿ ಕಣಕ್ಕ!" ಎಂದು ಅವಳು ಓಡಿ ಬಂದು ನನ್ನ ಕೈ ಹಿಡಿದಳು. ಕೈ ಬಿಡಿಸಿಕೊಂಡೆ.

ಮನೆಗೆ ಬಂದು ಅರಿಶಿನ, ಸುಣ್ಣ ಬಿಸಿ ಮಾಡಿದೆ. ಟೀ ಶರ್ಟ್ ಎತ್ತಿದರೆ ಪಕ್ಕೆಯಲ್ಲಿ ನೇರಳೆಹಣ್ಣಿನ ಬಣ್ಣದ ಗುರುತು. ನಾನೇ ಮಾಡಿದ ಗಾಯಕ್ಕೆ ನಾನೇ ಹಚ್ಚಿದೆ. ಹಚ್ಚುತ್ತಲೇ ಕೇಳಿಬಿಟ್ಟೆ, ತಡೆಯಲಾಗಲಿಲ್ಲ.

"ಅವಳಿಗಾದ್ರೆ ಅಡ್ಡ ಬಿದ್ರಿ. ನಂಗೆ ಬರ್ತಿದ್ರೆ ಬೀಳ್ತಿದ್ರಾ?"

ಬೇರೆ ಗಂಡಸಾಗಿದ್ದರೆ ತಕ್ಷಣ ಹೂಂ ಅಂದುಬಿಡುತ್ತಿದ್ದ. ಇವರು ಯೋಚನೆ ಮಾಡಿದರು. ಅವರ ಆ ಒಳ್ಳೆಯತನವೇ ನನಗೆ ಶತ್ರು.

"ನಂಗೊತ್ತಿಲ್ಲ ಕಣೆ. ಬೇಕೂಂತ ಬಿದ್ದಿದ್ದಲ್ಲ, ಅವಳ ಬೆನ್ನು ಅಲ್ಲಾಡ್ತು, ಮೈ ತಾನೇ ತಿರುಗ್ಬುಡ್ತು." ಟೀ ಶರ್ಟ್ ಇಳಿಸಿಕೊಳ್ಳುತ್ತ ಮತ್ತೆ ಹೇಳಿದರು. "ನೀನು ಒಂದಿನಾನೂ ನಿಂತಿಲ್ವಲ್ಲ, ಎಂಗೊತ್ತಾಗುತ್ತೆ?"

ಒಲೆಯ ಮೇಲೆ ಎಸರಿಟ್ಟಿದ್ದೆ. ಎದ್ದು ಹೋಗಿ ಆರಿಸಿ ಬಂದೆ.

"ಏಳಿ" ಎಂದೆ. "ನೋವು ಕಣೆ" ಎಂದರು. "ಏಳಿ ಅಂದೆ."

ಹಾಲಿನ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತೆ. ನನ್ನ ತಲೆ ಅವರ ಬೆನ್ನಿನ ನಡುವಿಗಷ್ಟೇ ಬಂತು. ಅವರು ತಿರುಗಿದರು, ನಾನು ಉಲ್ಟಾ ತಿರುಗಿ ಅವರ ಕಾಲು ತುಳಿದೆ. ಮತ್ತೆ ತಿರುಗಿದರು, ಮತ್ತೆ ತುಳಿದೆ. ಅತ್ತೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಕತ್ತಲಾಗುವವರೆಗೂ ಬಿಡಲಿಲ್ಲ.

ಬೆಳಿಗ್ಗೆ ಒಗೆಯಲು ಕೂತೆ. ಕೆಂಪು ಬಣ್ಣ ನೀರಿಗೇ ಬಿಟ್ಟುಕೊಂಡಿತು. ಬೆನ್ನಿನಲ್ಲಿ ಎಣ್ಣೆ ಕಲೆ ಎರಡು ಇದ್ದವು, ಒಂದು ಮೇಲೆ, ಒಂದು ಕೆಳಗೆ. ಮೇಲಿನದನ್ನು ಮಾತ್ರ ಉಜ್ಜಿದೆ.