ಬ್ರಹ್ಮಚಾರಿಯ ಮನೆಯಲ್ಲಿ ಹಸಿರು ಬಳೆ

‘ಲೇ, ಕೂಸಿನ ಕಿವ್ಯಾಗ ನೀರು ಹೋಗಾಕತ್ತಾವ!’ ಎಂದು ಕೂಗುತ್ತ ಎದುರುಮನೆಯ ಅಜ್ಜಿ ಕ್ಯಾಮೆರಾ ಮುಂದೆಯೇ ನುಗ್ಗಿಬಿಟ್ಟರು. ದೇವದುರ್ಗದಲ್ಲಿ ನಾವು ಗೆಳೆಯರು ಸೇರಿ ಕಿರುಚಿತ್ರ ತೆಗೆಯುತ್ತಿದ್ದೆವು. ಬಾಗಿಲಲ್ಲಿ ಸಿಕ್ಕ ಮಗುವನ್ನು ಸಾಕಲು ಒದ್ದಾಡುವ ಬ್ರಹ್ಮಚಾರಿಯ ಹಾಸ್ಯಕಥೆ ಅದು. ಬ್ರಹ್ಮಚಾರಿಯ ಪಾತ್ರ ನನ್ನದು. ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮಗುವಿನ ತಲೆಗೆ ಚೊಂಬಿನಿಂದ ನೀರು ಸುರಿಯುತ್ತಿದ್ದೆ.

ಅಜ್ಜಿ ಮಗುವನ್ನು ಕಸಿದುಕೊಂಡರು. ಮುಟ್ಟಿದ ಮೇಲೆಯೇ ಅವರಿಗೆ ಅದು ರಬ್ಬರ್ ಗೊಂಬೆ ಎಂದು ತಿಳಿದದ್ದು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಅಜ್ಜಿ ನಗಲಿಲ್ಲ.

‘ಗೊಂಬಿ ಆದ್ರ ಏನಾತು? ನಾಳೆ ನಿನ್ನ ಕೂಸಿಗೂ ಹಿಂಗ ಎರಿತಿ ಏನು?’

ನನ್ನ ನಗು ನಿಂತಿತು. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳಾಗಿತ್ತು. ಎರಡೂ ಮನೆಯವರಿಗೆ ಬೇಡವಾದ ಮದುವೆ ನಮ್ಮದು, ಬಾಣಂತನಕ್ಕೆ ಬರುವವರು ಯಾರೂ ಇರಲಿಲ್ಲ. ಅಜ್ಜಿ ಅಲ್ಲೇ ನೆಲಕ್ಕೆ ಕುಳಿತು, ಕಾಲು ನೀಡಿ, ಗೊಂಬೆಯನ್ನು ಬೋರಲು ಮಲಗಿಸಿಕೊಂಡರು. ಬೆರಳಿನಿಂದ ಅದರ ಕಿವಿ ಮುಚ್ಚಿ ಹಿಡಿದು ನಿಧಾನಕ್ಕೆ ನೀರೆರೆದರು. ‘ಇನ್ನೊಮ್ಮೆ ತೋರಿಸ್ರಿ ಯವ್ವಾ’ ಎಂದೆ. ಕ್ಯಾಮೆರಾ ಓಡುತ್ತಲೇ ಇತ್ತು. ಅವರ ಕೈಗಳಷ್ಟೇ ಕಾಣುವ ಆ ತುಣುಕನ್ನು ಕತ್ತರಿಸಲು ನಾನು ಬಿಡಲಿಲ್ಲ.

ಹೆಂಗಸರೇ ಇಲ್ಲದ ಮನೆಗೆ ಹಸಿರು ಬಳೆಯ ಕೈ ಎಲ್ಲಿಂದ ಬಂತು ಎಂದು ಚಿತ್ರ ನೋಡಿದವರು ಈಗಲೂ ತಪ್ಪು ಹಿಡಿಯುತ್ತಾರೆ. ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ದಿನವೂ ಕಾಲು ನೀಡಿ ಕುಳಿತು ಅವಳಿಗೆ ನೀರೆರೆಯುವವನು ನಾನೇ. ಕಿವಿಯೊಳಗೆ ಒಂದು ಹನಿಯೂ ಹೋಗುವುದಿಲ್ಲ.