ಫೋನಿನಲ್ಲಿ ಸುತ್ತಿದ ಗುಡಿ

ನಾನಿರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಗ್ರೀಸ್ ಕ್ಲಸ್ಟರ್ ಎಂಬ ಕಟ್ಟಡಗಳ ಗುಂಪಿನಲ್ಲಿ. ಗ್ರೀಸ್ ದೇಶ ಕಂಡವನಲ್ಲ. ಬಾಡಿಗೆ ಕಡಿಮೆ ಎಂದು ಬಂದವನು. ಇವತ್ತು ಬೆಳಿಗ್ಗೆ ಕೆಳಗಿನ ಕಂಬಗಳಿಗೆ ಬಣ್ಣ ಹೊಡೆಯುತ್ತಿದ್ದರು. ಆ ಹಸಿ ಬಣ್ಣದ ವಾಸನೆಗೆ, ನೋಡಿ, ನಾದಿಯಾ ನೆನಪಾದಳು.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಇದೇ ಊರಿನ ದೇರಾದ ಒಂದು ಕಂಪನಿಯಲ್ಲಿದ್ದೆವು. ವಿಲ್ಲಾಗಳಿಗೆ ಅಲಂಕಾರದ ಕಂಬ ಎರಕ ಹೊಯ್ದು ಕೊಡುವ ಕಂಪನಿ. ಅವಳು ನಕ್ಷೆ ಬರೆಯುವವಳು, ನಾನು ಮಾರುವವನು. ಯಾವ ಕಂಬವಾದರೂ ನನಗೆ 'ರೋಮನ್'. ಸ್ವಲ್ಪ ಉದ್ದವಿದ್ದರೆ 'ಪ್ಯೂರ್ ರೋಮನ್'.

ನಾದಿಯಾ ಸಿರಿಯಾದ ಪಾಲ್ಮೈರಾದವಳು. ಅಲ್ಲಿ ಮರುಭೂಮಿಯ ನಡುವೆ ರೋಮನರ ಕಾಲದ ದೊಡ್ಡ ಗುಡಿಯೊಂದಿತ್ತು. ಅವಳ ತಂದೆ ಜೀವಮಾನವಿಡೀ ಪ್ರವಾಸಿಗರಿಗೆ ಅದನ್ನು ತೋರಿಸಿದವರು. ಯುದ್ಧ ಹತ್ತಿರ ಬಂದಾಗ ಬೇರೆ ಊರಿನ ತಮ್ಮನ ಮನೆ ಸೇರಿದ್ದರು. ಕಣ್ಣು ಮಂಜಾಗಿತ್ತು.

ಗುರುವಾರ ಊಟದ ಹೊತ್ತಿಗೆ ತಂದೆಗೆ ಫೋನು. ಮುದುಕರು ಮಗಳನ್ನೇ ಪ್ರವಾಸಿ ಮಾಡಿ ಗುಡಿ ಸುತ್ತಿಸುತ್ತಿದ್ದರು. ಸ್ಪೀಕರಿನಲ್ಲಿ ಬರುವ ಅರಬಿಯನ್ನು ಅವಳು ನನಗೆ ಬಿಡಿಸಿ ಹೇಳುವಳು.

"ಕಂಬದ ತಲೆಯ ಎಲೆಗಳನ್ನು ನೋಡು, ಅವು ಗ್ರೀಕರವು. ಎತ್ತರದ ಜಗಲಿ, ಅಗಲದ ಮೆಟ್ಟಿಲು ರೋಮಿನವು. ಬಾಗಿಲು ಎಲ್ಲಿದೆ ಹೇಳು?"

"ಉದ್ದದ ಗೋಡೆಯಲ್ಲಿ, ಬಾಬಾ. ಅದೂ ನಡುವಿನಲ್ಲಲ್ಲ, ಒಂದು ಬದಿಗೆ."

"ಹಾಂ! ದೇವರು ನಮ್ಮವನಲ್ಲವಾ? ಬಟ್ಟೆ ಪರದೇಶದ್ದು ತೊಟ್ಟ, ಕೂತದ್ದು ಮಾತ್ರ ತನಗೆ ಬೇಕಾದ ಹಾಗೆ."

ಟೈ ಕಟ್ಟಿಕೊಂಡು ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದ ನನಗೆ ಆ ದೇವರ ಮೇಲೆ ಸಲಿಗೆ ಹುಟ್ಟುತ್ತಿತ್ತು.

ಆಮೇಲೆ ಒಂದು ದಿನ ಸುದ್ದಿ ಬಂತು: ಉಗ್ರರು ಗುಡಿಯನ್ನು ಸಿಡಿಮದ್ದಿಟ್ಟು ಉರುಳಿಸಿದ್ದರು. ನಾದಿಯಾ ಆಗ ಖಲೀಫಾ ಸಿಟಿಯ ವಿಲ್ಲಾವೊಂದಕ್ಕೆ ಕಂಬ ಬರೆಯುತ್ತಿದ್ದಳು. ಎಲೆಗಳವರೆಗೆ ಬಂದ ಕೈ ಅಲ್ಲೇ ನಿಂತಿತು.

ಗುರುವಾರ ಬಂದಾಗ ಕೇಳಿದೆ, "ತಂದೆಗೆ ಹೇಳುತ್ತೀಯಾ?"

"ಹೇಗೆ ಹೇಳಲಿ? ಅವರಿಗೆ ಪೇಪರ್ ಓದಲಿಕ್ಕಾಗುವುದಿಲ್ಲ. ಗೊತ್ತಾಗದೆಯೇ ಇರಲಿ."

ಮುದುಕರು ಎಂದಿನಂತೆ ಕೇಳಿದರು, ಬಾಗಿಲು ಎಲ್ಲಿದೆ? ಅವಳು ಎಂದಿನಂತೆಯೇ ಹೇಳಿದಳು. ಆ ಚಳಿಗಾಲವಿಡೀ ಇಲ್ಲದ ಗುಡಿಯನ್ನು ಅಪ್ಪ ಮಗಳು ಸುತ್ತಿದರು.

ಚಳಿ ಕಳೆಯುವಷ್ಟರಲ್ಲಿ ತಂದೆ ತೀರಿಕೊಂಡರು. ಅವಳಿಗೆ ಹೋಗುವ ದಾರಿಯಿರಲಿಲ್ಲ. ಮಾತನಾಡಿಸಿ ಬರೋಣವೆಂದು ನಾನು ಅವಳ ಮನೆಗೆ ಹೋದಾಗ ಚಿಕ್ಕಪ್ಪನೊಡನೆ ಫೋನಿನಲ್ಲಿದ್ದಳು. ಮಾತು ಮುಗಿಸಿ ನೆಲದ ಮೇಲೆಯೇ ಕುಳಿತುಬಿಟ್ಟಳು.

"ಗುಡಿ ಬಿದ್ದದ್ದು ಬಾಬಾಗೆ ಮೊದಲ ದಿನವೇ ಗೊತ್ತಿತ್ತಂತೆ. ನೆರೆಯವರು ಹೇಳಿದ್ದರಂತೆ. 'ಮಗಳು ಅಲ್ಲಿ ಒಬ್ಬಳೇ ಇದ್ದಾಳೆ, ಅವಳೆದುರು ಯಾರೂ ಆ ಮಾತೆತ್ತಬೇಡಿ' ಅಂದರಂತೆ. ಫೋನಿಟ್ಟ ಮೇಲೆ ಅಳುತ್ತಿದ್ದರಂತೆ."

ನಾನೂ ಅವಳ ಪಕ್ಕ ನೆಲದ ಮೇಲೆ ಕುಳಿತೆ. ಅವಳು ಹೇಳಿದಳು, "ಒಂದು ಸಲ ಇಬ್ಬರೂ ಒಟ್ಟಿಗೆ ಅಳಬಹುದಿತ್ತು. ಖಲಾಸ್."

ಮರುವರ್ಷ ಅವಳು ಅಣ್ಣನಿದ್ದ ದೇಶಕ್ಕೆ ಹೊರಟುಹೋದಳು.

ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗಲೇ ಕಾರ್ಕಳದಿಂದ ಅಕ್ಕನ ಫೋನು ಬಂತು. "ಇಲ್ಲಿ ಎಲ್ಲ ಸೌಖ್ಯ ಮಾರಾಯ. ನಿಂದೆಂತ?"

ಮೊದಲಾಗಿದ್ದರೆ "ಇಲ್ಲಿಯೂ ಸೌಖ್ಯ" ಎಂದು ಮುಗಿಸಿಬಿಡುತ್ತಿದ್ದೆ.

"ಅಕ್ಕಾ, ನಿಜ ಹೇಳು. ನಾನೂ ಹೇಳ್ತೇನೆ" ಎಂದೆ.

"ತಡಿ ಮಾರಾಯ" ಎಂದಳು ಅಕ್ಕ; ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿತು.